ಬೋರ್ ನೀರು, ಬಿಂಬುಳಿ ಮತ್ತು ಕಷಾಯದ ಬಣ್ಣದ ಪೂಲ್

ಈ ಪ್ರಕರಣದಲ್ಲಿ ಮೊದಲ ತಪ್ಪು ನನ್ನದೇ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಮಂಗಳೂರು, ಉಡುಪಿ ಭಾಗದ ಮನೆಗಳಲ್ಲಿ, ಹೋಂಸ್ಟೇಗಳಲ್ಲಿ ಸ್ವಿಮ್ಮಿಂಗ್ ಪೂಲ್ ನೋಡಿಕೊಳ್ಳುವುದು ನನ್ನ ಕೆಲಸ. ಒಂದು ಅಕ್ಟೋಬರ್ ಬೆಳಿಗ್ಗೆ ಪರ್ಕಳದಿಂದ ಫೋನ್ ಬಂತು. ಬ್ಯಾಂಕ್ ಕೆಲಸದಿಂದ ನಿವೃತ್ತರಾದ ಯಜಮಾನರು. ಮಳೆಗಾಲ ಮುಗಿಯಿತು ಎಂದು ಪೂಲ್ ಪೂರ್ತಿ ಖಾಲಿ ಮಾಡಿ, ತೊಳೆದು, ಹೊಸ ನೀರು ತುಂಬಿಸಿದ್ದರು. ಐದಾರು ದಿನದಲ್ಲಿ ನೀರಿಗೆ ತೆಳು ಹಸಿರು ಬಣ್ಣ ಬಂದಿದೆ. ದೀಪಾವಳಿಗೆ ಮೊಮ್ಮಕ್ಕಳು ಮುಂಬೈಯಿಂದ ಬರುತ್ತಾರೆ. "ಎಂತ ಹಾಕುದು ಮಾರಾಯ್ರೆ?" ಎಂದು ಕೇಳಿದರು.

ನಾನು ಆಗ ಬೈಕಂಪಾಡಿಯಲ್ಲಿ ಒಂದು ಪಂಪ್ ಬಿಚ್ಚಿಕೊಂಡು ಕೂತಿದ್ದೆ. ಹಸಿರು ಅಂದ ಕೂಡಲೇ ಪಾಚಿ ಅಂದುಕೊಂಡೆ. "ಸಂಜೆ ಬ್ಲೀಚಿಂಗ್ ಪೌಡರ್ ಜಾಸ್ತಿ ಹಾಕಿ, ರಾತ್ರಿಯಿಡೀ ಪಂಪ್ ಓಡಿಸಿ" ಎಂದೆ. ಯಾವ ನೀರು ತುಂಬಿಸಿದ್ದೀರಿ ಎಂದು ಕೇಳಲಿಲ್ಲ. ತಳದಲ್ಲಿ ನೀರು ಎಳೆಯುವ ಜಾಲರಿ ಕಾಣುತ್ತದಾ ಎಂದೂ ಕೇಳಲಿಲ್ಲ. ಈ ಎರಡನೆಯ ಪ್ರಶ್ನೆ ಕೇಳಿದ್ದರೂ ಸಾಕಿತ್ತು. ಪಾಚಿಯ ಹಸಿರು ಮಬ್ಬಾಗಿರುತ್ತದೆ, ತಳ ಕಾಣುವುದಿಲ್ಲ. ನೀರು ಹಸಿರಾಗಿದ್ದೂ ತಳದ ಜಾಲರಿ ಸ್ಪಷ್ಟವಾಗಿ ಕಂಡರೆ ಮೊದಲು ಲೋಹದ ಮೇಲೆ ಅನುಮಾನ ಪಡಬೇಕು.

ಮರುದಿನ ಬೆಳಿಗ್ಗೆ ವಾಟ್ಸಾಪಿನಲ್ಲಿ ಫೋಟೋ ಬಂತು. ಇಡೀ ಪೂಲ್ ಹಾಲು ಹಾಕದ ಕಷಾಯದ ಬಣ್ಣ. "ನೀವು ಹೇಳಿದ್ದೇ ಹಾಕಿದ್ದು" ಎಂದು ಕೆಳಗೆ ಒಂದು ಸಾಲು. ಬೈಗುಳ ಇರಲಿಲ್ಲ. ಇದ್ದಿದ್ದರೆ ಸ್ವಲ್ಪ ಹಗುರ ಆಗುತ್ತಿತ್ತೋ ಏನೋ.

ನಾನು ಅಲ್ಲಿಗೆ ಮುಟ್ಟಿದ್ದು ಮೂರನೆಯ ದಿನ. ಅಷ್ಟರಲ್ಲಿ ನೀರು ಅರ್ಧ ತಿಳಿಯಾಗಿತ್ತು, ಆದರೆ ಬಣ್ಣ ಗೋಡೆಗೆ ಹತ್ತಿತ್ತು. ತಿಳಿನೀಲಿ ಟೈಲ್ಸ್ ಮೇಲೆ ಕಂದು ಪದರ. ಟೈಲ್ಸ್ ನಡುವಿನ ಸಿಮೆಂಟ್ ಸಂದುಗಳಲ್ಲಂತೂ ಗೆರೆ ಎಳೆದ ಹಾಗೆ. ಮೂಲೆಯಲ್ಲಿ ಕಾಡುಬಾದಾಮಿ ಮರದ ಎಲೆ ಬಿದ್ದು ಕೂತಿದ್ದ ಕಡೆ ಎಲೆಯದೇ ಆಕಾರದ ಕಪ್ಪು ಅಚ್ಚು. ಮೆಟ್ಟಿಲ ಮೇಲೆ ಬೂದು ಕಲೆ, ಅದರಲ್ಲಿ ಎಲ್ಲೋ ಸ್ವಲ್ಪ ಹಸಿರುನೀಲಿ. ತೋಟದ ಕೆಲಸದ ಹುಡುಗ ಆಗಲೇ ಆಳ ಕಮ್ಮಿ ಇರುವ ಬದಿಯಲ್ಲಿ, ನೀರಿನ ಮಟ್ಟದಿಂದ ಮೇಲೆ, ಟಾಯ್ಲೆಟ್ ತೊಳೆಯುವ ಆಸಿಡ್ ಹಾಕಿ ಬ್ರಷ್ ಹಿಡಿದು ತಿಕ್ಕಿದ್ದ. ಅಲ್ಲಿ ಕಲೆ ಹೋಗಿತ್ತು ನಿಜ. ಸಂದಿನ ಸಿಮೆಂಟೂ ಹೋಗಿತ್ತು.

ಅವನನ್ನು ಮೊದಲು ಅಲ್ಲಿಂದ ಎಬ್ಬಿಸಿದೆ. ಪಕ್ಕದಲ್ಲೇ ಬ್ಲೀಚಿಂಗ್ ಪೌಡರಿನ ಬಕೆಟ್ ಬಾಯಿ ತೆರೆದು ಇತ್ತು. ಆಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಒಂದಕ್ಕೊಂದು ತಾಗಿದರೆ ಏಳುವುದು ಕ್ಲೋರಿನ್ ಅನಿಲ. ಪೂಲ್ ಕೆಲಸದಲ್ಲಿ ನಾನು ಹೆದರುವುದು ಇದೊಂದಕ್ಕೇ.

ಯಜಮಾನರು ಆಗಲೇ ನಿರ್ಧಾರ ಮಾಡಿ ಆಗಿತ್ತು. ಇನ್ನೊಮ್ಮೆ ಪೂರ್ತಿ ಖಾಲಿ ಮಾಡುವುದು, ಇಡೀ ಪೂಲ್ ಆಸಿಡ್ ಹಾಕಿ ತೊಳೆಯುವುದು. ನಾನು ಅವರನ್ನು ಮನೆಯ ಹಿಂದಿನ ಬಾವಿ ಹತ್ತಿರ ಕರೆದುಕೊಂಡು ಹೋದೆ. ಬಾವಿಯಲ್ಲಿ ನೀರು ನೆಲದಿಂದ ಒಂದು ಮೀಟರ್ ಕೆಳಗೆ ನಿಂತಿತ್ತು. ಪೂಲಿನ ತಳ ನೆಲದಿಂದ ಒಂದೂವರೆ ಮೀಟರ್ ಆಳದಲ್ಲಿದೆ. ಅಂದರೆ ಖಾಲಿ ಪೂಲನ್ನು ಸುತ್ತಲಿನ ಅಂತರ್ಜಲ ಕೆಳಗಿನಿಂದ ಮೇಲಕ್ಕೆ ಒತ್ತುತ್ತದೆ. ದೋಣಿಯ ಹಾಗೆ. ಒಳಗೆ ನೀರಿನ ಭಾರ ಇಲ್ಲದಿದ್ದರೆ ತಳ ಬಿರುಕು ಬಿಡಬಹುದು, ಪೂಲೇ ಮೇಲೆ ಏಳಬಹುದು. ಮೊದಲ ಸಲ ಖಾಲಿ ಮಾಡಿದಾಗ ಏನೂ ಆಗಲಿಲ್ಲ ಎನ್ನುವುದು ಅವರ ಅದೃಷ್ಟ. ಕರಾವಳಿಯಲ್ಲಿ ಪೂಲ್ ಖಾಲಿ ಮಾಡುವ ಮೊದಲು ಬಾವಿ ಇಣುಕಿ ನೋಡಬೇಕು. ಬಾವಿಯ ನೀರು ಪೂಲಿನ ತಳಕ್ಕಿಂತ ಚೆನ್ನಾಗಿ ಕೆಳಗೆ ಇಳಿದ ಮೇಲೆಯೇ ಆ ಮಾತು.

ಹಾಗಾದರೆ ಕಲೆ ಯಾವುದು? ಇದರ ಉತ್ತರ ನನಗಿಂತ ಮೊದಲು ಹೇಳಿದ್ದು ಯಜಮಾನರ ತಾಯಿ. ಜಗಲಿಯಲ್ಲಿ ಕೂತಿದ್ದವರು ನಮ್ಮ ಮಾತು ಕೇಳಿ, "ಇದು ಪಾಚಿ ಅಲ್ಲ ಮಗಾ. ಬೋರಿನ ನೀರಲ್ಲಿ ಒಗೆದ ಪಂಚೆಗೆ ಇದೇ ಬಣ್ಣ ಬರ್ತದೆ. ಬಿಂಬುಳಿ ಹಾಕಿ ತಿಕ್ಕಿದ್ರೆ ಹೋಗ್ತದೆ" ಎಂದರು.

ಮಗ ನಕ್ಕರು. ನನಗೆ ನಗು ಬರಲಿಲ್ಲ. ಬಿಂಬುಳಿ ಎಂಬ ಈ ಹುಳಿಕಾಯಿಯಲ್ಲಿ ಆಕ್ಸಾಲಿಕ್ ಆಸಿಡ್ ಜಾಸ್ತಿ ಇರುತ್ತದೆ. ಅದು ತುಕ್ಕನ್ನು ಕರಗಿಸುತ್ತದೆ. ಬಾಳೆಯ ಕರೆ, ಗೇರಿನ ಕರೆ ಹುಳಿಗೆ ಅಷ್ಟು ಸುಲಭಕ್ಕೆ ಜಗ್ಗುವುದಿಲ್ಲ, ಕಬ್ಬಿಣದ ಕಲೆ ಜಗ್ಗುತ್ತದೆ. ನಮ್ಮ ಪರೀಕ್ಷಾ ಪೆಟ್ಟಿಗೆಯ ಅರ್ಧ ಕೆಲಸವನ್ನು ಅಮ್ಮ ಒಂದು ಮಾತಿನಲ್ಲಿ ಮುಗಿಸಿದ್ದರು. ಹಾಗೆಂದು ಪೂಲಿಗೆ ಆಕ್ಸಾಲಿಕ್ ಆಸಿಡ್ ಸುರಿಯುವ ಹಾಗಿಲ್ಲ, ಶುದ್ಧ ರೂಪದಲ್ಲಿ ಅದು ವಿಷ.

ನಾನು ಮಾಡಿದ ಪರೀಕ್ಷೆ ಮೂರು. ಮೂರಕ್ಕೂ ಸೇರಿ ಐವತ್ತು ರೂಪಾಯಿ ಖರ್ಚಾಗಿಲ್ಲ.

ಮೊದಲನೆಯದು ಬಕೆಟ್. ಎರಡು ಬಿಳಿ ಬಕೆಟ್ ತಂದೆವು. ಒಂದರಲ್ಲಿ ಬಾವಿ ನೀರು, ಇನ್ನೊಂದರಲ್ಲಿ ಬೋರ್ ನೀರು. ಎರಡೂ ತಿಳಿ, ನೋಡಿದರೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಎರಡಕ್ಕೂ ಒಂದೊಂದು ಚಮಚ ಲಿಕ್ವಿಡ್ ಕ್ಲೋರಿನ್ ಹಾಕಿದೆ. ಇಲ್ಲಿ ಬ್ಲೀಚಿಂಗ್ ಪೌಡರ್ ಬೇಡ, ಅದರ ಸುಣ್ಣವೇ ನೀರನ್ನು ಮಬ್ಬು ಮಾಡಿ ಗೊಂದಲ ಹುಟ್ಟಿಸುತ್ತದೆ. ಐದು ನಿಮಿಷದಲ್ಲಿ ಬೋರ್ ನೀರಿನ ಬಕೆಟ್ ಚಹಾದ ಬಣ್ಣಕ್ಕೆ ತಿರುಗಿತು. ಬಾವಿ ನೀರು ಹಾಗೇ ಇತ್ತು. ಪೂಲಿಗೆ ತುಂಬಿಸಿದ್ದು ಯಾವ ನೀರು ಎಂದು ಆಗ ಕೇಳಿದೆ. "ಬೋರಿಂದು. ಬಾವಿದು ಕುಡಿಯಲಿಕ್ಕೆ ಅಲ್ವಾ?"

ಎರಡನೆಯದು ವಿಟಮಿನ್ ಸಿ. ಔಷಧಿ ಅಂಗಡಿಯ ಚಪ್ಪರಿಸುವ ಮಾತ್ರೆ ಹತ್ತು ಪುಡಿ ಮಾಡಿ, ಹಳೆ ಸಾಕ್ಸಿನೊಳಗೆ ಕಟ್ಟಿ, ನೀರಿನೊಳಗೆ ಗೋಡೆಗೆ ಒತ್ತಿ ಹಿಡಿದೆ. ಒಂದು ನಿಮಿಷ. ತೆಗೆದಾಗ ಕಂದು ಗೋಡೆಯ ನಡುವೆ ಮುಷ್ಟಿಯಷ್ಟು ಜಾಗ ಹೊಸ ಟೈಲ್ಸಿನ ಹಾಗೆ ಹೊಳೆಯುತ್ತಿತ್ತು. ಯಜಮಾನರು ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಎಲೆಯ ಕಪ್ಪು ಅಚ್ಚಿನ ಮೇಲೆ ಹಿಡಿದರೆ ಅದೂ ಮಾಸಿತು. ಅದು ಕಬ್ಬಿಣ ಮತ್ತು ಎಲೆಯ ಒಗರು ಸೇರಿ ಆದ ಶಾಯಿ. ಹಿಂದೆ ಅಳಲೆಕಾಯಿ ಮತ್ತು ಕಬ್ಬಿಣದಿಂದ ಶಾಯಿ ಮಾಡುತ್ತಿದ್ದರು. ಅಳಲೆಯೂ ಕಾಡುಬಾದಾಮಿಯೂ ಒಂದೇ ಕುಲದ ಮರಗಳು.

ಮೂರನೆಯದು, ಅದೇ ಸಾಕ್ಸ್ ಮೆಟ್ಟಿಲ ಮೇಲಿನ ಬೂದು ಕಲೆಗೆ. ಒಂದು ನಿಮಿಷ, ಎರಡು ನಿಮಿಷ. ಏನೂ ಆಗಲಿಲ್ಲ. ಕ್ಲೋರಿನ್ ಹಚ್ಚಿ ನೋಡಿದೆ, ಎಲೆಯ ಕಲೆಯಾಗಿದ್ದರೆ ಅದಕ್ಕೆ ಬಿಳಿಚಬೇಕಿತ್ತು. ಅದಕ್ಕೂ ಇಲ್ಲ. ಅದನ್ನು ಹಾಗೇ ಬಿಟ್ಟೆ.

ಲೆಕ್ಕ ಸ್ವಲ್ಪ ನೋಡೋಣ. ಪೂಲ್ 8 ಮೀಟರ್ ಉದ್ದ, 4 ಮೀಟರ್ ಅಗಲ, ಸರಾಸರಿ ಒಂದೂಕಾಲು ಮೀಟರ್ ಆಳ. 40 ಸಾವಿರ ಲೀಟರ್ ನೀರು. ಬೋರ್ ನೀರಿನಲ್ಲಿ ಕಬ್ಬಿಣ ಲೀಟರಿಗೆ 1.8 ಮಿಲಿಗ್ರಾಂ ಸಿಕ್ಕಿತು. 0.3 ದಾಟಿದರೆ ಬಟ್ಟೆಗೆ, ಪಾತ್ರೆಗೆ ಕಲೆ ಬೀಳಲು ಶುರು. ಇದು ಅದರ ಆರು ಪಟ್ಟು. 40 ಸಾವಿರ ಲೀಟರಿಗೆ ಗುಣಿಸಿದರೆ 72 ಗ್ರಾಂ ಕಬ್ಬಿಣ. ಕ್ಲೋರಿನ್ ತಾಗಿ ತುಕ್ಕಾದ ಮೇಲೆ ಅದರ ತೂಕ ಸುಮಾರು 140 ಗ್ರಾಂ. ಸ್ವಲ್ಪ ಸ್ಯಾಂಡ್ ಫಿಲ್ಟರಿನಲ್ಲಿ ಕೂತಿತ್ತು, ಬ್ಯಾಕ್‌ವಾಶ್ ಮಾಡಿದಾಗ, ಅಂದರೆ ನೀರನ್ನು ಹಿಮ್ಮುಖವಾಗಿ ಹಾಯಿಸಿ ಫಿಲ್ಟರ್ ತೊಳೆದಾಗ, ಕೆಂಪು ನೀರು ಬಂತು. ಉಳಿದದ್ದು ಗೋಡೆಗೆ.

ಯಜಮಾನರು ಒಂದು ಒಳ್ಳೆಯ ಪ್ರಶ್ನೆ ಕೇಳಿದರು. ಬಾವಿ ತೋಡಿದ್ದು ಕೆಂಪು ಮುರಕಲ್ಲಿನಲ್ಲಿ. ಆ ಕಲ್ಲಿನ ಕೆಂಪೇ ಕಬ್ಬಿಣದ್ದು. ಹಾಗಿದ್ದೂ ಬಾವಿ ನೀರು ಶುದ್ಧ, ಆಳದ ಬೋರ್ ನೀರಿನಲ್ಲಿ ಕಬ್ಬಿಣ. ಇದು ಹೇಗೆ? ವಿಷಯ ಗಾಳಿಯದ್ದು. ಮುರಕಲ್ಲಿನ ಕಬ್ಬಿಣ ಈಗಾಗಲೇ ತುಕ್ಕಾಗಿ ಮುಗಿದದ್ದು, ಅದು ಸುಲಭಕ್ಕೆ ನೀರಿನಲ್ಲಿ ಕರಗುವುದಿಲ್ಲ. ತೆರೆದ ಬಾವಿಗೆ ಗಾಳಿಯೂ ಆಡುತ್ತದೆ. ಆಳದ ಬಂಡೆಯ ಬಿರುಕಿನಲ್ಲಿ ಗಾಳಿ ಇಲ್ಲ. ಅಲ್ಲಿ ಕಬ್ಬಿಣ ಉಪ್ಪಿನ ಹಾಗೆ ಕರಗಿಕೊಂಡು, ಬಣ್ಣ ಇಲ್ಲದೆ, ಕಣ್ಣಿಗೆ ಕಾಣದೆ ಇರುತ್ತದೆ. ಮೇಲೆ ಬಂದು ಗಾಳಿ ಅಥವಾ ಕ್ಲೋರಿನ್ ತಾಗಿದರೆ ತುಕ್ಕಾಗಿ ಹೊರಗೆ ಬೀಳುತ್ತದೆ. ಗಾಳಿ ತಾಗಿ ನಿಧಾನವಾಗಿ ಆಗಬೇಕಾದದ್ದನ್ನು ನನ್ನ ಬ್ಲೀಚಿಂಗ್ ಪೌಡರ್ ಒಂದೇ ರಾತ್ರಿಯಲ್ಲಿ ಮಾಡಿ ಮುಗಿಸಿತ್ತು. ಅದಕ್ಕೇ ಕಲೆ ಕಂಡು ಇನ್ನಷ್ಟು ಕ್ಲೋರಿನ್ ಹಾಕಿದರೆ ಇನ್ನಷ್ಟು ಕಲೆ. ಎರಡನೆಯ ರಾತ್ರಿ ಅವರು ಹಾಗೆಯೇ ಮಾಡಿದ್ದರು.

ಚಿಕಿತ್ಸೆಗೆ ವಿಟಮಿನ್ ಸಿಯನ್ನೇ ದೊಡ್ಡ ಮಟ್ಟದಲ್ಲಿ ಬಳಸಿದೆವು. ಆಸ್ಕಾರ್ಬಿಕ್ ಆಸಿಡ್ ಪುಡಿ, ಅರ್ಧ ಕೆ.ಜಿ. ಸುಮಾರು 38 ಸಾವಿರ ಲೀಟರಿಗೆ 450 ಗ್ರಾಂ ಎನ್ನುವುದು ರೂಢಿಯ ಲೆಕ್ಕ. ಆದರೆ ಅದನ್ನು ಆ ದಿನವೇ ಹಾಕಲಿಲ್ಲ. ಪೂಲಿನಲ್ಲಿ ಕ್ಲೋರಿನ್ 6 ಪಿಪಿಎಂ, ಅಂದರೆ ಲೀಟರಿಗೆ 6 ಮಿಲಿಗ್ರಾಂ, ಇತ್ತು. ಒಂದು ಗ್ರಾಂ ಕ್ಲೋರಿನ್ ಎರಡೂವರೆ ಗ್ರಾಂ ವಿಟಮಿನ್ ಸಿಯನ್ನು ತಿಂದುಹಾಕುತ್ತದೆ. 40 ಸಾವಿರ ಲೀಟರಿನಲ್ಲಿ 6 ಪಿಪಿಎಂ ಎಂದರೆ 240 ಗ್ರಾಂ ಕ್ಲೋರಿನ್, ಅದಕ್ಕೇ 600 ಗ್ರಾಂ ಪುಡಿ ಬೇಕು. ಅಂದರೆ ನಮ್ಮ ಅರ್ಧ ಕೆ.ಜಿ. ಪೂರ್ತಿ ಸುಮ್ನೆ ವ್ಯರ್ಥ, ಕಲೆಗೆ ಒಂದು ಚಿಟಿಕೆಯೂ ಸಿಗುವುದಿಲ್ಲ. ಪುಡಿ ಹಾಕಿಯೂ ಕಲೆ ಹೋಗಲಿಲ್ಲ ಎನ್ನುವವರಲ್ಲಿ ನಾನು ನೋಡಿದ ಹೆಚ್ಚಿನವರು ಮಾಡಿದ್ದು ಇದನ್ನೇ.

ಇಲ್ಲಿ ಒಂದು ಅನುಕೂಲ ಇತ್ತು. ಹೊಸ ನೀರು, ಹಾಕಿದ್ದು ಬರೀ ಬ್ಲೀಚಿಂಗ್ ಪೌಡರ್. ಪೂಲಿಗೆ ಹಾಕುವ ಟಿಸಿಸಿಎ ಎಂಬ ಕ್ಲೋರಿನ್ ಮಾತ್ರೆಗಳಲ್ಲಿ ಇರುವ ಸಯನ್ಯೂರಿಕ್ ಆಸಿಡ್ ನೀರಿನಲ್ಲಿ ಇರಲಿಲ್ಲ. ಕ್ಲೋರಿನ್ನಿಗೆ ಬಿಸಿಲಿನಿಂದ ರಕ್ಷಣೆ ಕೊಡುವುದು ಅದು. ಅದಿಲ್ಲದಿದ್ದರೆ ಒಂದು ದಿನದ ಬಿಸಿಲಿಗೆ ಕ್ಲೋರಿನ್ ಹಾರಿಹೋಗುತ್ತದೆ. ಮರುದಿನ ಸಂಜೆ ನೋಡಿದರೆ ಸೊನ್ನೆ. ಕ್ಲೋರಿನ್ ಇಲ್ಲದ ದಿನಗಳಲ್ಲಿ ಪಾಚಿ ಹಿಡಿಯದಿರಲಿ ಎಂದು ತಾಮ್ರ ಇಲ್ಲದ ಪಾಚಿನಾಶಕ ಹಾಕಿದೆವು. ಯಾರೂ ಇಳಿಯಬಾರದು ಎಂದು ಹಗ್ಗ ಕಟ್ಟಿದೆವು. ಪಿಎಚ್, ಅಂದರೆ ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಎನ್ನುವ ಅಳತೆ, 7.8 ಇತ್ತು. ಅರ್ಧ ಲೀಟರ್ ಆಸಿಡನ್ನು ಒಂದು ಬಕೆಟ್ ನೀರಿನಲ್ಲಿ ಬೆರೆಸಿ, ಪಂಪ್ ಓಡುತ್ತಿರುವಾಗ ನಿಧಾನವಾಗಿ ಹಾಕಿ ಇಳಿಸಿದೆ. ವಿಟಮಿನ್ ಸಿ ಕೂಡ ಹುಳಿಯೇ, ಉಳಿದದ್ದನ್ನು ಅದು ಇಳಿಸಿ 7.2ಕ್ಕೆ ತಂದಿತು.

ಪುಡಿಯನ್ನು ಅಂಚಿನ ಸುತ್ತ ಎರಚುತ್ತಾ ಹೋದೆ. ಅರ್ಧ ಗಂಟೆಯಲ್ಲಿ ಗೋಡೆ ತಿಳಿಯಾಯಿತು. ಇದನ್ನು ಎಷ್ಟು ಸಲ ನೋಡಿದರೂ ನನಗೆ ಖುಷಿಯೇ. ಹುಡುಗನಂತೂ "ಅಣ್ಣ, ಇದು ಎಂತ ಮಾಯೆ!" ಎಂದ.

ಮಾಯೆ ಏನಿಲ್ಲ. ಕಲೆ ಗೋಡೆಯಿಂದ ಇಳಿದು ನೀರಿಗೆ ಬಂತು, ಅಷ್ಟೇ. ಮನೆ ಬಿಟ್ಟು ಹೋಗಲಿಲ್ಲ. ತುಕ್ಕು ಮತ್ತೆ ಕರಗುವ ಕಬ್ಬಿಣವಾಗಿ, ಬಣ್ಣ ಕಳೆದುಕೊಂಡು, ತಿಳಿ ನೀರಿನಲ್ಲಿ ಕೂತಿದೆ. ನಾಳೆ ಕ್ಲೋರಿನ್ ಹಾಕಿದರೆ ಪುನಃ ಗೋಡೆಗೆ. ಅದನ್ನು ಹಿಡಿದಿಡಬೇಕು, ಇಲ್ಲವೇ ಹೊರಗೆ ಹಾಕಬೇಕು. ಹಿಡಿದಿಡಲು ಒಂದು ಔಷಧಿ ಇದೆ, ಎಚ್‌ಇಡಿಪಿ ಎನ್ನುತ್ತಾರೆ. ಕಬ್ಬಿಣವನ್ನು ಕಟ್ಟಿಹಾಕಿ ಗೋಡೆಗೆ ಹತ್ತದ ಹಾಗೆ ಮಾಡುತ್ತದೆ. ಆದರೆ ಕ್ಲೋರಿನ್ ತಾಗಿ ತಾಗಿ ಅದು ಒಡೆಯುತ್ತದೆ, ಆಗಾಗ ಹಾಕುತ್ತಿರಬೇಕು. ಒಡೆದ ಮೇಲೆ ಫಾಸ್ಫೇಟ್ ಆಗುತ್ತದೆ, ಪಾಚಿಗೆ ಅದು ಗೊಬ್ಬರ. ಬರೀ ಅದನ್ನೇ ನಂಬಿ ಕೂರುವುದು ನನಗೆ ಇಷ್ಟ ಇಲ್ಲ.

ಹಾಗಾಗಿ ಎರಡನ್ನೂ ಮಾಡಿದೆವು. ಅಕ್ಟೋಬರ್ ಅಲ್ವಾ, ಬಾವಿ ತುಂಬಿತ್ತು. ಪೂಲಿನ ನೀರನ್ನು ಮೂರನೇ ಒಂದು ಭಾಗ ಮಾತ್ರ ಇಳಿಸಿ, ಬಾವಿ ನೀರು ತುಂಬಿಸಿದೆವು. ಎರಡು ದಿನ ಬಿಟ್ಟು ಪುನಃ ಅಷ್ಟೇ. ಪೂರ್ತಿ ಖಾಲಿ ಮಾಡದ ಕಾರಣ ಕೆಳಗಿನ ಒತ್ತಡದ ಹೆದರಿಕೆ ಇಲ್ಲ. ಕ್ಲೋರಿನ್ ಇಲ್ಲದ ನೀರು, ಅಡಿಕೆ ತೋಟಕ್ಕೆ ಬಿಟ್ಟರೂ ತೊಂದರೆ ಇಲ್ಲ. ಎರಡು ಸಲ ಹೀಗೆ ಮಾಡಿದರೆ ಹಳೆ ನೀರು ನೂರಕ್ಕೆ 44ರಷ್ಟು ಉಳಿಯುತ್ತದೆ. ಕಬ್ಬಿಣ 0.7ಕ್ಕೆ ಬಂತು. ಅದಕ್ಕೆ ಮಾತ್ರ ಎಚ್‌ಇಡಿಪಿ.

ಆದರೆ ಬಾವಿ ನೀರಿಗೆ ಅದರದೇ ಕಾಯಿಲೆ. ನಮ್ಮ ಮುರಕಲ್ಲಿನ ಬಾವಿ ನೀರು ಮೆದು, ಸ್ವಲ್ಪ ಹುಳಿ. ಈ ಬಾವಿಯ ಪಿಎಚ್ 5.9, ಕ್ಷಾರತೆ (ಪಿಎಚ್ ಏರಿಳಿಯದ ಹಾಗೆ ಹಿಡಿದಿಡುವ ಗುಣ) 15 ಪಿಪಿಎಂ, ಗಡಸುತನ (ಸುಣ್ಣದ ಅಂಶ) 20 ಪಿಪಿಎಂ. ಕುಡಿಯಲು ರುಚಿ, ಬೇಳೆ ಬೇಗ ಬೇಯುತ್ತದೆ, ಸೋಪು ನೊರೆ ಬರುತ್ತದೆ. ಸಿಮೆಂಟಿಗೆ ಮಾತ್ರ ಶತ್ರು. ತನ್ನಲ್ಲಿ ಇಲ್ಲದ ಸುಣ್ಣವನ್ನು ಟೈಲ್ಸ್ ಸಂದಿನಿಂದ ಕಿತ್ತುಕೊಳ್ಳುತ್ತದೆ. ಬೆರೆತ ಮೇಲೆ ಪೂಲಿನ ಕ್ಷಾರತೆ 50ರ ಹತ್ತಿರ, ಗಡಸುತನ 60ರ ಹತ್ತಿರ ಇತ್ತು. ಕ್ಷಾರತೆಯನ್ನು 80ಕ್ಕೆ ಏರಿಸಲು 2 ಕೆ.ಜಿ. ಅಡುಗೆ ಸೋಡಾ ಹಾಕಿದೆವು. ಬಟ್ಟೆ ಸೋಡಾ ಹಾಕಲಿಲ್ಲ. ಅದು ಪಿಎಚ್‌ಅನ್ನು ಒಮ್ಮೆಲೇ ಮೇಲೆ ಎಳೆಯುತ್ತದೆ, ಪಿಎಚ್ ಏರಿದರೆ ಕಬ್ಬಿಣ ಪುನಃ ಬೀಳುತ್ತದೆ. ಗಡಸುತನವನ್ನು 200ಕ್ಕೆ ತರಲು 8 ಕೆ.ಜಿ. ಕ್ಯಾಲ್ಸಿಯಂ ಕ್ಲೋರೈಡ್, ಮರುದಿನ, ಎರಡು ಕಂತಿನಲ್ಲಿ. ಸೋಡಾ ಹಾಕಿದ ಗಂಟೆಯಲ್ಲೇ ಇದನ್ನೂ ಹಾಕಿದರೆ ನೀರು ಸುಣ್ಣದ ನೀರಿನ ಹಾಗೆ ಬೆಳ್ಳಗಾಗುತ್ತದೆ. ಇದನ್ನು ಕರಗಿಸುವಾಗ ಬಕೆಟ್ ಬಿಸಿ ಏರುತ್ತದೆ. ನೀರಿಗೆ ಪುಡಿ ಹಾಕಬೇಕು, ಪುಡಿಗೆ ನೀರು ಅಲ್ಲ.

ಕ್ಲೋರಿನ್ ಮರಳಿ ತಂದದ್ದು ನಿಧಾನಕ್ಕೆ. ದಿನಕ್ಕೆ 400 ಮಿಲಿ ಲಿಕ್ವಿಡ್ ಕ್ಲೋರಿನ್, ಅಂದರೆ ಒಂದು ಪಿಪಿಎಂ. ಮೊದಲ ಎರಡು ದಿನ ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲ, ಉಳಿದಿದ್ದ ವಿಟಮಿನ್ ಸಿ ತಿಂದಿತ್ತು. ಮೂರನೆಯ ದಿನದಿಂದ ನಿಂತಿತು. ಪಿಎಚ್‌ಅನ್ನು 7.2ರಿಂದ 7.4ರ ಒಳಗೆ ಹಿಡಿದುಕೊಂಡೆವು. ದೀಪಾವಳಿಗೆ ಎರಡು ದಿನ ಇರುವಾಗ ಹಗ್ಗ ಬಿಚ್ಚಿದೆವು.

ಮೆಟ್ಟಿಲ ಕಲೆ ಮಾತ್ರ ಹಾಗೇ ಇತ್ತು. ಅದರ ಕತೆ ಹುಡುಗನ ಬಾಯಿಂದ ಬಂತು. ಜುಲೈಯಲ್ಲಿ ಪೂಲಿಗೆ ಪಾಚಿ ಹಿಡಿದಿತ್ತಂತೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬಿಡಲು ತಂದಿದ್ದ ಮೈಲುತುತ್ತು ಮನೆಯಲ್ಲೇ ಇತ್ತು. ಎರಡು ಮುಷ್ಟಿ ತಂದು ಮೆಟ್ಟಿಲ ಮೇಲೆ ನಿಂತು ಎರಚಿದ್ದ. ಮೈಲುತುತ್ತು ಎಂದರೆ ತಾಮ್ರ, ಪಾಚಿ ಸಾಯುತ್ತದೆ, ಅದೇನೂ ಸುಳ್ಳಲ್ಲ. ಹರಳು ಬಿದ್ದ ಜಾಗದಲ್ಲಿ ತಾಮ್ರ ಕೂತುಬಿಟ್ಟಿತು. ಆಮೇಲೆ ಪೂಲ್ ಖಾಲಿ ಮಾಡಿದಾಗ ನೀರಿನ ತಾಮ್ರ ಹೋಯಿತು, ಮೆಟ್ಟಿಲದ್ದು ಉಳಿಯಿತು. ತಾಮ್ರದ ಕಲೆ ವಿಟಮಿನ್ ಸಿಗೆ ಅಷ್ಟಾಗಿ ಬಗ್ಗುವುದಿಲ್ಲ. ದಿನಸಿ ಅಂಗಡಿಯ ನಿಂಬೆ ಉಪ್ಪನ್ನು, ಅಂದರೆ ಸಿಟ್ರಿಕ್ ಆಸಿಡನ್ನು, ಅದೇ ಸಾಕ್ಸಿನಲ್ಲಿ ಕಟ್ಟಿ ಹತ್ತು ಹದಿನೈದು ನಿಮಿಷ ಇಟ್ಟಾಗ ಸ್ವಲ್ಪ ಸ್ವಲ್ಪವೇ ಬಿಟ್ಟಿತು. ನಾಲ್ಕು ಸಲ ಬೇಕಾಯಿತು.

ಇಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಜನವರಿಯಲ್ಲಿ ಪುನಃ ಫೋನ್. "ಕಂದು ಬಂದಿದೆ. ಈ ಸಲ ಎಂತದೂ ಹಾಕ್ಲಿಲ್ಲ."

ಈ ಸಲ ಫೋನಿನಲ್ಲಿ ನಾನೂ ಎಂತದೂ ಹೇಳಲಿಲ್ಲ. ಬೈಕ್ ಹತ್ತಿದೆ. ಹೋಗಿ ನೋಡಿದರೆ ಕಲೆ ಇಡೀ ಗೋಡೆಗೆ ಇಲ್ಲ. ಒಂದೇ ಕಡೆ, ಬೀಸಣಿಗೆ ಬಿಚ್ಚಿದ ಆಕಾರದಲ್ಲಿ. ಬೀಸಣಿಗೆಯ ಹಿಡಿಯ ಜಾಗದಲ್ಲಿ ನೀರು ತುಂಬಿಸುವ ಪೈಪಿನ ಬಾಯಿ. ಬಿಸಿಲಿಗೆ ಆರಿದ ನೀರನ್ನು ತುಂಬಲು ಅಲ್ಲಿ ಒಂದು ಫ್ಲೋಟ್ ವಾಲ್ವ್ ಇಟ್ಟಿದ್ದಾರೆ, ಟಾಯ್ಲೆಟ್ ಸಿಸ್ಟರ್ನಿನಲ್ಲಿ ಇರುವಂಥದ್ದು. ಮಟ್ಟ ಇಳಿದರೆ ತಾನಾಗಿ ತೆರೆಯುತ್ತದೆ. ಪೈಪ್ ಬರುವುದು ಮನೆಯ ಮೇಲಿನ ಟ್ಯಾಂಕಿನಿಂದ. ಆ ಟ್ಯಾಂಕಿಗೆ ಬಾವಿ ಮೋಟರೂ ಇದೆ, ಬೋರ್ ಮೋಟರೂ ಇದೆ. ಡಿಸೆಂಬರಿನಿಂದ ಬೋರ್ ಹಾಕುತ್ತಿದ್ದರು. ಅಕ್ಟೋಬರಿನಲ್ಲಿ ಈ ವಾಲ್ವ್ ನನ್ನ ಕಣ್ಣಿಗೆ ಬಿದ್ದಿತ್ತು. ಅದರ ಹಿಂದಿನ ಪೈಪ್ ಎಲ್ಲಿಗೆ ಹೋಗುತ್ತದೆ ಎಂದು ನೋಡಿರಲಿಲ್ಲ.

32 ಚದರ ಮೀಟರ್ ಪೂಲಿನಲ್ಲಿ ದಿನಕ್ಕೆ 5 ಮಿಲಿಮೀಟರ್ ಆರಿದರೂ 160 ಲೀಟರ್. ತಿಂಗಳಿಗೆ ಸುಮಾರು 5 ಸಾವಿರ ಲೀಟರ್ ಬೋರ್ ನೀರು, ಅದರಲ್ಲಿ 9 ಗ್ರಾಂ ಕಬ್ಬಿಣ. ನೀರು ಆರುತ್ತದೆ, ಕಬ್ಬಿಣ ಆರುವುದಿಲ್ಲ.

ಏಪ್ರಿಲ್, ಮೇ ತಿಂಗಳಲ್ಲಿ ಬಾವಿ ಕೆಳಗೆ ಹೋಗುತ್ತದೆ, ಬೋರ್ ಬೇಡ ಎಂದರೆ ಆಗುವ ಮಾತಲ್ಲ. ಹಾಗಾಗಿ ವಾಲ್ವ್ ಕಿತ್ತು, ಪೂಲಿನ ಪಕ್ಕ ಸಾವಿರ ಲೀಟರಿನ ಒಂದು ಹಳೆ ಟ್ಯಾಂಕ್ ಇಟ್ಟೆವು. ಬೋರ್ ನೀರು ಅದಕ್ಕೆ ಬೀಳುವುದು ಬಚ್ಚಲಿನ ಶವರ್ ಮೂಲಕ, ಗಾಳಿ ಚೆನ್ನಾಗಿ ತಾಗಲಿ ಎಂದು. ಮೇಲೆ ಸ್ವಲ್ಪ ಲಿಕ್ವಿಡ್ ಕ್ಲೋರಿನ್. ಪೂಲಿನಲ್ಲಿ ಆಗಬಾರದ್ದು ಟ್ಯಾಂಕಿನಲ್ಲೇ ಆಗಿಹೋಗಲಿ. ಒಂದು ರಾತ್ರಿ ಬಿಟ್ಟರೆ ತುಕ್ಕು ತಳಕ್ಕೆ ಇಳಿಯುತ್ತದೆ. ತಳದಿಂದ ಒಂದು ಗೇಣು ಮೇಲಿನ ನಲ್ಲಿಯಿಂದ, ದಿಂಬಿನ ಹತ್ತಿ ತುಂಬಿದ ಒಂದು ಪೈಪ್ ತುಂಡಿನ ಮೂಲಕ, ನೀರು ಪೂಲಿಗೆ. ಹತ್ತಿ ವಾರಕ್ಕೆ ಕೆಂಪಾಗುತ್ತದೆ, ಬದಲಿಸುವುದು ಹುಡುಗನ ಕೆಲಸ. ಬಿಳಿ ಬಕೆಟಿನ ಪರೀಕ್ಷೆಯನ್ನೂ ಈಗ ಅವನೇ ಮಾಡುತ್ತಾನೆ, ಫೋಟೋ ತೆಗೆದು ನನಗೆ ಕಳಿಸುತ್ತಾನೆ.

ಮೇ ಕೊನೆಗೆ ಪೂಲಿನ ಕಬ್ಬಿಣ 0.3ರ ಆಸುಪಾಸು ಇತ್ತು. ಬೀಸಣಿಗೆಯ ಕಲೆ ಒಂದು ಸಾಕ್ಸ್ ವಿಟಮಿನ್ ಸಿಗೆ ಹೋಗಿತ್ತು, ಮತ್ತೆ ಬರಲಿಲ್ಲ.

ಸರಿಯಾಗದೇ ಉಳಿದದ್ದು ಆಸಿಡ್ ಹಾಕಿ ತಿಕ್ಕಿದ ಆ ಬದಿ. ಸಂದಿನ ಸಿಮೆಂಟ್ ಅಲ್ಲಿ ಒರಟಾಗಿ, ಗುಳಿ ಬಿದ್ದು ನಿಂತಿದೆ. ಬೆರಳು ಇಟ್ಟರೆ ಮರಳು ಕೈಗೆ ಬರುತ್ತದೆ. ಪಾಚಿ ಮೊದಲು ಹಿಡಿಯುವುದೂ ಅಲ್ಲೇ. ನೀರಿಗೆ ಏನು ಹಾಕಿದರೂ ಅದು ತುಂಬುವುದಿಲ್ಲ. ಸಂದು ಕೆರೆದು ಹೊಸದಾಗಿ ಗ್ರೌಟ್ ತುಂಬಬೇಕು. ನೀರನ್ನು ಸ್ವಲ್ಪ ಇಳಿಸಿದರೆ ಸಾಕು ಎಂದೆ. ಹೇಗೂ ಕೆಲಸದವರು ಬರುತ್ತಾರೆ, ಪೂರ್ತಿ ಖಾಲಿ ಮಾಡಿ ಎಲ್ಲಾ ಸಂದುಗಳನ್ನೂ ಒಟ್ಟಿಗೆ ಮಾಡಿಸುವ ಎಂಬುದು ಯಜಮಾನರ ಲೆಕ್ಕ. ಹಾಗಾದರೆ ಮುಂದಿನ ಮಾರ್ಚಿನ ನಂತರ, ಮೊದಲು ಬಾವಿ ನೋಡಿ ಎಂದಿದ್ದೇನೆ.